ಎರಡು ಪೌಂಡಿನ ಲ್ಯಾಪ್‌ಟಾಪ್

ರಿಪೇರಿ ಅಂಗಡಿಯ ಡೆನ್ನಿಸ್ ಲ್ಯಾಪ್‌ಟಾಪಿನ ತಳದ ಹತ್ತೂ ತಿರುಪುಗಳನ್ನು ಬಿಚ್ಚಿ ಕಾಫಿ ಲೋಟದ ಮುಚ್ಚಳದೊಳಗೆ ಹಾಕಿಟ್ಟ. ಕೌಂಟರಿನ ಈಚೆ ನಿಂತಿದ್ದ ಆರ್ಡಿಸ್ ಗೋಡೆ ಗಡಿಯಾರ ನೋಡಿದಳು. ಒಂದೂ ಕಾಲು. ಮೂರಕ್ಕೆ ಅವಳು ಕಿವಿ ಕೇಳದ ವರ್ನ್ ಸುಂಡ್‌ಕ್ವಿಸ್ಟ್ ಜೊತೆ ಆಸ್ಪತ್ರೆಯಲ್ಲಿರಬೇಕು.

"ಮೆಮೊರೀನ ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರೆ, ಅದನ್ನ ಮುಟ್ಟೋ ಹಾಗಿಲ್ಲ," ಎಂದ ಡೆನ್ನಿಸ್. "ಡಿಸ್ಕ್ ಬದಲಾಯಿಸ್ಬಹುದು, ಒಂಚೂರು ಚುರುಕಾಗುತ್ತೆ. ಆದ್ರೂ ಹನ್ನೊಂದು ವರ್ಷದ ಮುದುಕ ಇದು, ಆರ್ಡಿಸ್. ಹಲ್ಲು ಕಟ್ಟಿಸಿದ್ರೆ ಓಡಕ್ಕೆ ಶುರು ಮಾಡಲ್ಲ."

ಹೊಸದನ್ನೇ ಕೊಳ್ಳುವುದು ಮೇಲು ಎಂಬುದು ಅವನ ಸಲಹೆ. ಡಿಸ್ಕೇ ಸಾಕೆಂದರೆ ನಾಳೆ ಸಂಜೆಯವರೆಗೆ ಬಿಟ್ಟುಹೋಗಬೇಕು.

ಕಿವಿ ಕೇಳದವರ ಪಕ್ಕ ಕೂತು, ಎದುರಿನವರ ಮಾತನ್ನು ಶೀಘ್ರಲಿಪಿ ಯಂತ್ರದಲ್ಲಿ ಒತ್ತುವುದು ಆರ್ಡಿಸ್‌ಳ ಕೆಲಸ. ಅದು ಲ್ಯಾಪ್‌ಟಾಪಿನ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಸರೋವರದ ದಡದ ಡುಲೂತ್ ಊರಿನ ಡಾಕ್ಟರುಗಳ ಕೋಣೆಗಳು ಇಕ್ಕಟ್ಟು. ಎರಡೇ ಪೌಂಡು ತೂಕದ ಇಷ್ಟು ಪುಟ್ಟದಾದರೆ ವರ್ನ್ ಅವರ ಮಂಡಿಯ ಮೇಲೇ ಕೂರುತ್ತದೆ. ಅದರೊಳಗೆ ಅವಳು ಹತ್ತೊಂಬತ್ತು ವರ್ಷ ಕಟ್ಟಿದ ಸಂಕ್ಷೇಪಗಳ ಕೋಶವಿತ್ತು, ಒಂದು ಲಕ್ಷ ನಲವತ್ತು ಸಾವಿರ ನಮೂದು. ವರ್ನ್ ಅಡುಗೆಯವರಾಗಿದ್ದ ಅದಿರು ಹಡಗು, ಅವರ ನಾಯಿ, ಅವರ ಒಂಬತ್ತು ಮಾತ್ರೆಗಳು, ಎಲ್ಲದರ ಹೆಸರಿಗೂ ಒಂದೊಂದೇ ಒತ್ತು. ಹೊಸದಕ್ಕೆ ಸಾಗಿಸುವಾಗ ಏನಾದರೂ ತಪ್ಪಿದರೆ ಅದು ಗೊತ್ತಾಗುವುದು ಡಾಕ್ಟರ ಎದುರಿಗೇ.

ಆದರೆ ಹೋದ ವಾರ ಹಳೆಯದೇ ಎರಡು ಸಲ ಮಾತಿನ ನಡುವೆ ನಿಂತುಬಿಟ್ಟಿತ್ತು. ಇವತ್ತು ವರ್ನ್ ಅವರ ಬಯಾಪ್ಸಿ ವರದಿ.

"ತಿರುಪು ಹಾಕಿ ಕೊಡು. ನಾಳೆ ತರ್ತೀನಿ."

"ಕ್ರಿಸ್‌ಮಸ್‌ಗೆ ಮುಂಚೆನೂ ನಾಳೆ ಅಂದಿದ್ರಿ," ಎಂದು ಡೆನ್ನಿಸ್ ಸ್ಕ್ರೂಡ್ರೈವರ್ ಎತ್ತಿಕೊಂಡ.

ಕಾರಿನಲ್ಲಿ ಕೂತು ಅವಳು, ಲ್ಯಾಪ್‌ಟಾಪ್ ಮತ್ತೆ ನಿಂತುಹೋಗದಿರಲೆಂದು, ಅದರ ಹೊರೆ ಇಳಿಸಿದಳು. ಈಮೇಲ್ ಮುಚ್ಚಿದಳು. ಶೀಘ್ರಲಿಪಿ ತಂತ್ರಾಂಶದಲ್ಲೂ ತಾನಾಗಿ ಓಡುವಂಥದ್ದನ್ನೆಲ್ಲ ನಿಲ್ಲಿಸಿದಳು. ಹಾಗೆ ನಿಲ್ಲಿಸಿದ್ದರಲ್ಲಿ ಒಂದು ಟೈಮರ್. ಮುಂದಿನ ಒತ್ತು ಏನೆಂದು ತಿಳಿಯುವವರೆಗೆ ತಂತ್ರಾಂಶ ಕೊನೆಯ ಕೆಲವು ಪದಗಳನ್ನು ತಡೆದಿಟ್ಟುಕೊಳ್ಳುತ್ತದೆ. ಎರಡು ಸೆಕೆಂಡು ಯಾರೂ ಮಾತಾಡದಿದ್ದರೆ ಟೈಮರ್ ಅವನ್ನು ಹೊರಗೆ ತಳ್ಳುತ್ತದೆ. ಕೋರ್ಟಿನಲ್ಲಿ ಕೆಲಸ ಕಲಿತ ಆರ್ಡಿಸ್‌ಳಂಥವರಿಗೆ ಅದರ ನೆನಪೇ ಇರುವುದಿಲ್ಲ. ಅಲ್ಲಿ ಯಾರೂ ಮಾತು ನಿಲ್ಲಿಸುವುದಿಲ್ಲ.

ಮೂರೂ ಹತ್ತಕ್ಕೆ ಡಾಕ್ಟರ್ ಒಳಗೆ ಬಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಲ್ಯಾಬಿಂದ ವರದಿ ಬಂದಿದೆ, ವರ್ನ್," ಎಂದರು. ಆಮೇಲೆ, "ಇದು ಕ್ಯಾನ್ಸರ್."

ಅಷ್ಟು ಹೇಳಿ ಕೈಕಟ್ಟಿ ಸುಮ್ಮನಾದರು. ರೋಗಿಗೆ ಸಮಯ ಕೊಡುವುದು ಅವರ ರೂಢಿ.

ಪರದೆಯ ಮೇಲೆ ವರದಿ ಬಂದಿದೆ ಎಂಬಷ್ಟೇ ಇತ್ತು. ವರ್ನ್ ಅದನ್ನು ನೋಡಿದರು, ಡಾಕ್ಟರನ್ನು ನೋಡಿದರು, ಕೊನೆಗೆ ಆರ್ಡಿಸ್ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿದಳು. ತನ್ನ ಬಾಯಿಂದಾಗಲಿ ಮುಖದಿಂದಾಗಲಿ ಏನನ್ನೂ ಹೇಳಕೂಡದು ಎಂಬುದು ಅವಳ ಕೆಲಸದ ಮೊದಲ ನಿಯಮ. ಲ್ಯಾಪ್‌ಟಾಪ್ ನಿಂತುಹೋಯಿತು, ಡೆನ್ನಿಸ್ ಹತ್ತಿರ ಬಿಟ್ಟು ಬರಬೇಕಿತ್ತು ಎಂದುಕೊಂಡಳು.

ಕರ್ಸರ್ ಮಿನುಗುತ್ತಿತ್ತು. ನಿಂತುಹೋದ ಯಂತ್ರದಲ್ಲಿ ಅದು ಮಿನುಗುವುದಿಲ್ಲ.

ಆಗ, ಕಾರಿನಲ್ಲಿ ನಿಲ್ಲಿಸಿದ್ದ ಟೈಮರ್ ನೆನಪಾಯಿತು. ಯಂತ್ರ ಸರಿಯಾಗಿಯೇ ಇತ್ತು. ಅವಳ ಇನ್ನೊಂದು ಒತ್ತಿಗಾಗಿ ಕಾಯುತ್ತಿತ್ತು. ಬರೀ ಒಂದು ಅಲ್ಪವಿರಾಮ ಸಾಕು. ಬೆರಳು ಕೀಲಿಯ ಮೇಲೇ ಇತ್ತು, ಆದರೂ ತಕ್ಷಣ ಇಳಿಯಲಿಲ್ಲ. ವರ್ನ್ ಇನ್ನೂ ಅವಳನ್ನೇ ನೋಡುತ್ತಿದ್ದರು.

ಒತ್ತಿದಳು. ವರ್ನ್ ಪರದೆಯತ್ತ ತಿರುಗಿ ಓದಿದರು.

ಸೋಮವಾರದಿಂದ ಚಿಕಿತ್ಸೆ, ವಾರಕ್ಕೆರಡು ಸಲ ಎಂದರು ಡಾಕ್ಟರ್. ಅದೆಲ್ಲ ತಡವಿಲ್ಲದೆ ಮೂಡಿತು.

ಹೊರಗೆ ಲಿಫ್ಟಿನ ಎದುರು ವರ್ನ್ ನಿಂತರು. ಲ್ಯಾಪ್‌ಟಾಪ್ ಇನ್ನೂ ಅವರ ಕೈಯಲ್ಲೇ ತೆರೆದಿತ್ತು.

"ಅದನ್ನ ಎಷ್ಟು ಹೊತ್ತು ತಡೆದಿಟ್ಕೊಂಡಿದ್ದೆ, ಹುಡುಗಿ?"

ಯಂತ್ರ ತಡೆದದ್ದು ಎಂದು ಹೇಳಬಹುದಿತ್ತು. ಅವಳು ಕೈ ಚಾಚಿ ಲ್ಯಾಪ್‌ಟಾಪಿನ ಕೀಲಿಗಳಲ್ಲೇ ಬೆರಳಚ್ಚಿಸಿದಳು: ಹನ್ನೊಂದು ಸೆಕೆಂಡು. ಕ್ಷಮಿಸಿ. ಇದನ್ನು ಈಗಲೇ ರಿಪೇರಿಗೆ ಕೊಡ್ತೀನಿ.

ವರ್ನ್ ಎರಡು ಸಲ ಓದಿದರು.

"ಇನ್ನೊಂಚೂರು ಹೊತ್ತು ತಡೆದಿಟ್ಕೋಬಹುದಿತ್ತು," ಎಂದರು.

ಡೆನ್ನಿಸ್ ಅಂಗಡಿ ಮುಚ್ಚಲು ಇನ್ನೂ ಒಂದು ಗಂಟೆಯಿತ್ತು. ಪಾರ್ಕಿಂಗ್‌ನಲ್ಲಿ ಸರೋವರದ ಗಾಳಿ ನೇರ ಮುಖಕ್ಕೆ ಬಡಿಯುತ್ತಿತ್ತು, ವರ್ನ್ ಕೈಗವಸು ಒಳಗೇ ಮರೆತಿದ್ದರು. ಅವರು ಲ್ಯಾಪ್‌ಟಾಪ್ ಮುಚ್ಚಿ, ಅದರ ಬಿಸಿ ತಳಕ್ಕೆ ಎರಡೂ ಅಂಗೈ ಒತ್ತಿಕೊಂಡು ಎದೆಗೆ ಹಿಡಿದು ನಡೆದರು. ಆರ್ಡಿಸ್ ಕಾರಿನ ಬಾಗಿಲು ತೆಗೆದಳು. ಲ್ಯಾಪ್‌ಟಾಪನ್ನು ವಾಪಸು ಕೇಳಲಿಲ್ಲ.