ಹನ್ನೆರಡನೆಯ ಹೊಲಿಗೆಯ ಗಂಟು

ಇದೊಂದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು: ವಿಮಾನದ ಸೀಟಿನ ಎಡ ಅಂಚಿನಲ್ಲಿ, ಮುಂದಿನಿಂದ ಎಣಿಸಿದರೆ ಹನ್ನೆರಡನೆಯ ಹೊಲಿಗೆಯ ಕೆಳಗೆ, ಗಂಟಿಲ್ಲ. ಮಡಿಲ ಮೇಲಿನ ಚೀಲದಡಿ ಕೈ ತೂರಿಸಿ ಇನ್ನೊಮ್ಮೆ ಎಣಿಸಿದಳು, ಪಕ್ಕದವನು ಏನಂದುಕೊಂಡಾನೋ, ಹತ್ತು, ಹನ್ನೊಂದು, ಹನ್ನೆರಡು, ನುಣುಪು, ಬರೀ ನುಣುಪು, ಯಾವುದೋ ಯಂತ್ರ ಒಂದೇ ಉಸಿರಿಗೆ ಎಳೆದು ಬಿಸಾಕಿದ ಹೊಲಿಗೆ — ಇರುವುದಾದರೂ ಹೇಗೆ, ಹಿಂದಿನ ಸೀಟುಗಳ ಕವರು ಅವರ ಕಾರ್ಖಾನೆಗೆ ಬರುತ್ತಲೇ ಇರಲಿಲ್ಲ, ಅವರದೇನಿದ್ದರೂ ಮುಂದಿನ ದೊಡ್ಡ ಸೀಟು, ಚರ್ಮದ್ದು, ಕಾಲು ಚಾಚಿದರೆ ಮಂಚವಾಗುವಂಥದ್ದು, ಇಪ್ಪತ್ತೊಂಬತ್ತು ವರ್ಷ ಅದರ ಕೈಯೊರಗಿಗೆ ಕೂಸಿಗೆ ಅಂಗಿ ಹೊಲಿದ ಹಾಗೆ ಹೊಲಿದವಳು ಇವತ್ತು ಮೊದಲ ಸಲ ವಿಮಾನ ಹತ್ತಿ ಕೂತದ್ದು ಪರದೆಯ ಈಚೆ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ. ಪರದೆ ಪೂರ್ತಿ ಮುಚ್ಚಿಲ್ಲ, ನಾಲ್ಕು ಬೆರಳಿನಷ್ಟು ಸಂದಿ ಇದೆ, ಸಂದಿಯಲ್ಲಿ ಒಂದು ಕೈಯೊರಗು, ಅದರ ಮೇಲೆ ಅಕ್ಕನ ಕೈ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ತಪಾಸಣೆಯ ಮೇಜಿನ ಅಕ್ಕ, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿ ಸರಿಯಿದ್ದರೆ ಆಚೆ ತಳ್ಳುವವಳು, ತಪ್ಪಿದ್ದರೆ ಸೀಮೆಸುಣ್ಣದಲ್ಲಿ ಅಡ್ಡಗೆರೆ, ಒಂದರ ಮೇಲೊಂದು ಎರಡು ಗೆರೆ, ಆಮೇಲೆ ಬ್ರಹ್ಮ ಬಂದರೂ ಆ ಕವರು ಪಾಸಾಗದು. ಆ ಹೆಬ್ಬೆರಳೇ ಈಗ ಅಲ್ಲಿ ಮೆಲ್ಲಗೆ ಆಡುತ್ತಿದೆ, ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ.

ಕಂಪ್ಯೂಟರ್ ನಿನ್ನ ಹೆಸರೇ ತೆಗೀತು ಕಣೇ, ನಾನೇನು ಮಾಡ್ಲಿ, ಅಂದಿದ್ದಳು ಅಕ್ಕ ಬೆಳಿಗ್ಗೆ ಕೌಂಟರಿನ ಹತ್ತಿರ, ಮುಂದೆ ಒಂದು ಸೀಟು ಕೆಟ್ಟಿದೆಯಂತೆ, ನಮ್ಮಿಬ್ಬರಲ್ಲಿ ಒಬ್ರು ಹಿಂದೆ ಕೂರಬೇಕಂತೆ — ಇವಳು ಆಗಷ್ಟೇ ಎರಡು ಬಾಟಲಿ ನೀರು ಹಿಡಿದು ವಾಪಸು ಬಂದಿದ್ದಳು, ಒಂದು ಅಕ್ಕನಿಗೆ ತಣ್ಣಗಿನದು, ಒಂದು ತನಗೆ ಹಾಗೇ ಇದ್ದದ್ದು, ಕಂಪ್ಯೂಟರ್ ಅಂದ ಮೇಲೆ ಮುಗೀತಲ್ಲ, ಅದಕ್ಕೆ ಅಕ್ಕ ಯಾರು ತಂಗಿ ಯಾರು, ಅದರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಲ್ಲಿಗೆ ತಲೆ ಚಚ್ಚಿಕೊಂಡಂತೆ. ಇಬ್ಬರಿಗೂ ಒಂದೇ ದಿನ ನಿವೃತ್ತಿ, ಕಾರ್ಖಾನೆಯವರೆಲ್ಲ ಸೇರಿ ಕೊಡಿಸಿದ ಟಿಕೆಟು, ನೀವು ಹೊಲಿದ ಸೀಟಿನಲ್ಲಿ ಒಂದು ಸಲ ನೀವೂ ಕೂತು ಬನ್ನಿ ಅಂತ ಮ್ಯಾನೇಜರು ಭಾಷಣ ಮಾಡಿ ತಾನೇ ಕಣ್ಣೊರೆಸಿಕೊಂಡಿದ್ದ, ಅವಳು ಭಾಷಣದುದ್ದಕ್ಕೂ ಯೋಚಿಸಿದ್ದು ಒಂದೇ, ಗಂಟು ಇನ್ನೂ ಇರುತ್ತದೆಯೇ. ಸೇರಿದ ಮೊದಲ ತಿಂಗಳು ಹನ್ನೆರಡನೆಯ ಹೊಲಿಗೆಗೆ ದಾರ ಪಟ್ಟನೆ ಕಿತ್ತಿತ್ತು, ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿಯಬೇಕು ಎಂಬುದು ನಿಯಮ, ಅವಳು ಗಾಬರಿಯಲ್ಲಿ ಒಳಗಡೆ ಗಂಟು ಹಾಕಿ ಮುಂದುವರಿಸಿದಳು, ಅಕ್ಕನ ಹೆಬ್ಬೆರಳು ಅಲ್ಲಿಗೆ ಬಂದು ನಿಂತಿತು, ಅಕ್ಕ ಮುಖ ನೋಡಿದಳು, ಸೀಮೆಸುಣ್ಣ ಎತ್ತಿದಳು, ಗೆರೆ ಎಳೆಯದೆ ಕೆಳಗಿಟ್ಟಳು, ಹೊರಗೆ ಕಾಣಲ್ಲ ಹೋಗೇ ಗಂಟಮ್ಮ, ಅಂದಳು. ಅಂದಿನಿಂದ ಪ್ರತಿ ಕವರಿಗೂ ಎಡಗಡೆ, ಅದೇ ಜಾಗದಲ್ಲಿ, ಬೇಕೆಂದೇ ಒಂದು ಸಣ್ಣ ಗಂಟು, ಪ್ರತಿ ಕವರಿಗೂ ಅಕ್ಕನ ಹೆಬ್ಬೆರಳು ಅಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೂ ಇರಲಿಲ್ಲ, ಉಳಿದವರು ಅವಳ ಗಂಟುಮೋರೆಗೆ ಆ ಹೆಸರು ಬಂತು ಅಂದುಕೊಂಡಿದ್ದರು, ಅಂದುಕೊಳ್ಳಲಿ, ಮೋರೆಯೂ ಹಾಗೇ ಇತ್ತಲ್ಲ.

ಅಮ್ಮಾ, ಇದು ನಿಮ್ಮ ಪ್ರತಿ — ಪರಿಚಾರಕ ಹುಡುಗ ನಗುತ್ತಾ ಒಂದು ಕಾಗದ ಕೊಟ್ಟು ಹೋದ, ಮದುವೆಯ ಕರೆಯೋಲೆ ಕೊಟ್ಟಷ್ಟು ನಯವಾಗಿ, ಅವಳು ಕನ್ನಡಕ ಹುಡುಕಿ ಓದಿದಳು: ಕೆಳದರ್ಜೆಗೆ ಹೋಗಲು ಸ್ವಂತ ಇಚ್ಛೆಯಿಂದ ಒಪ್ಪಿರುತ್ತೇನೆ, ಯಾವುದೇ ತಕರಾರು ಇರುವುದಿಲ್ಲ. ಕೆಳಗೆ ಅವಳ ಹೆಸರು. ಅವಳ ಹೆಸರು, ಅವಳ ಕೈಯಲ್ಲದ ಕೈಯಲ್ಲಿ, ಕೊನೆಯ ಅಕ್ಷರಕ್ಕೆ ಉದ್ದ ಬಾಲ, ಬಾಲದ ತುದಿಗೆ ಚುಕ್ಕೆ — ಈ ಬಾಲ ಗೊತ್ತು, ಹಾಜರಿ ಪುಸ್ತಕದಲ್ಲಿ ಇಪ್ಪತ್ತೊಂಬತ್ತು ವರ್ಷ ನೋಡಿದ ಬಾಲ, ಬಸ್ಸು ತಡವಾದ ದಿನ, ಮಗುವಿಗೆ ಜ್ವರ ಬಂದ ದಿನ, ಕೊನೆಕೊನೆಗೆ ಏನೂ ಇಲ್ಲದ ದಿನವೂ, ನಿಂದೂ ನಾನೇ ಹಾಕಿದೀನಿ ಬಿಡೇ, ಅನ್ನುತ್ತಿದ್ದಳು ಅಕ್ಕ, ಅದು ಪ್ರೀತಿ ಅಂತ ಅವಳು ತಿಳಿದಿದ್ದಳು, ಪ್ರೀತಿಯೇ ಇದ್ದಿರಬೇಕು, ಆಗ. ಹಾಗಾದರೆ ಕಂಪ್ಯೂಟರ್? ಕಂಪ್ಯೂಟರಿಗೆ ಬಾಲದ ತುದಿಗೆ ಚುಕ್ಕೆ ಇಡುವ ಚಟ ಯಾವಾಗ ಬಂತು?

ನಿಮ್ಮ ಸಹಿ ಅಲ್ವಾ ಅದು, ಅಂದ ಪಕ್ಕದವನು, ಅವಳು ಗೊಣಗಿದ್ದು ಕೇಳಿಸಿ, ಬ್ರೆಡ್ಡು ಅಗಿಯುತ್ತಾ, ಗ್ರಾಹಕ ನ್ಯಾಯಾಲಯದಲ್ಲಿ ಗುಮಾಸ್ತ, ಹತ್ತುವಾಗಲೇ ಹೇಳಿಕೊಂಡಿದ್ದ, ಕಾಗದ ಕಂಡಲ್ಲಿ ಕಣ್ಣು ಹಾಕುವುದು ಅವನಿಗೆ ಕಸುಬೇ ಇರಬೇಕು, ಅಲ್ಲ ಅಂದ್ರೆ ಅಲ್ಲ ಅನ್ನಿ ಅಮ್ಮ, ನೀವೇ ಒಪ್ಪಿ ಹಿಂದೆ ಬರೋದು ಬೇರೆ, ನಿಮ್ಮನ್ನ ಇಳಿಸೋದು ಬೇರೆ, ಇಳಿಸಿದ್ರೆ ಟಿಕೆಟಿನಲ್ಲಿ ಒಂದು ಪಾಲು ವಾಪಸು ಕೊಡಬೇಕು, ಯಾಕೆ ಇಳಿಸಿದ್ವಿ ಅಂತ ಬರೆದುಕೊಡಬೇಕು, ಬೇಡ ಅಂತ ಮುಂದಿನ ವಿಮಾನಕ್ಕೆ ಕಾಯೋ ಹಕ್ಕೂ ನಿಮಗಿತ್ತು, ನಿಮ್ಮ ಪರವಾಗಿ ಇನ್ನೊಬ್ರು ಒಪ್ಪೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರನಾ. ಅವನೇ ಗುಂಡಿ ಒತ್ತಿ ಹುಡುಗನನ್ನು ಕರೆದ, ದೂರಿನ ಹಾಳೆ ತರಿಸಿದ, ಎರಡು ಚೌಕ, ಒಂದು ನನ್ನ ಒಪ್ಪಿಗೆಯಿಂದ, ಇನ್ನೊಂದು ನನ್ನ ಒಪ್ಪಿಗೆಯಿಲ್ಲದೆ, ಇಳಿಯೋದರೊಳಗೆ ತುಂಬಿ ಕೊಡಿ, ಅಂದ ಹುಡುಗ, ಈ ಸಲ ನಗಲಿಲ್ಲ.

ಪರದೆ ಸರಿಯಿತು, ಅಕ್ಕನೇ ಬಂದಳು, ಕಾಲಿಗೆ ಅವರು ಕೊಟ್ಟ ಮೆತ್ತನೆಯ ಚಪ್ಪಲಿ, ಏನೇ ಗಂಟಮ್ಮ, ನಿದ್ದೆ ಬಂತಾ, ನಿನ್ನ ಗಂಟು ಸಿಕ್ತು ಕಣೇ, ಎಡಗಡೆ, ಹಂಗೇ ಇದೆ, ಬೆರಳಿಟ್ಟ ತಕ್ಷಣ ಸಿಕ್ತು — ಮುಖವೆಲ್ಲ ಬೆಳಕು, ಬೇರೆ ಯಾರಾದರೂ ಈ ಸುದ್ದಿಗೆ ಹೀಗೆ ಸಂತೋಷಪಡುತ್ತಿದ್ದರೇ, ಜಗತ್ತಿನಲ್ಲಿ ಒಬ್ಬಳೇ ಒಬ್ಬಳು, ಅದು ಅಕ್ಕನೇ. ಅಕ್ಕ, ಈ ಸಹಿ ಯಾರದು? ಅಕ್ಕ ಕಾಗದ ನೋಡಿದಳು, ಗುಮಾಸ್ತನನ್ನು ನೋಡಿದಳು, ಗುಮಾಸ್ತ ಬ್ರೆಡ್ಡು ನೋಡಿದ. ಅಯ್ಯೋ, ಆ ಕೌಂಟರಿನ ಹುಡುಗಿ ಅವಸರ ಮಾಡಿದ್ಳು ಕಣೇ, ನೀನು ನೀರಿಗೆ ಹೋಗಿದ್ದೆ, ನಿಂದು ಯಾವತ್ತೂ ನಾನೇ ತಾನೇ ಹಾಕ್ತಿದ್ದದ್ದು, ನನ್ನ ಸೊಂಟ ನಿಂಗೆ ಗೊತ್ತಿಲ್ವಾ, ನೀನು ಹೆಂಗೂ ಅಡ್ಜಸ್ಟ್ ಮಾಡ್ಕೋತೀಯ, ಕೇಳಿದ್ರೆ ಬೇಡ ಅಂತಿದ್ಯಾ ಹೇಳು. ಮತ್ತೆ ಕಂಪ್ಯೂಟರ್ ಅಂದ್ಯಲ್ಲಕ್ಕ. ಅದು... ನೀನು ಬೇಜಾರು ಮಾಡ್ಕೋಬಾರದು ಅಂತ. ಆಮೇಲೆ ದೂರಿನ ಹಾಳೆ ಕಂಡು, ದನಿ ತಗ್ಗಿಸಿ, ಅದನ್ನ ಕೊಡಬೇಡ್ವೇ, ನಿನ್ನ ಸಹಿ ನಾನು ಹಾಕಿದ್ದು ಅಂತ ಗೊತ್ತಾದ್ರೆ ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾರೆ ನನ್ನ, ಈ ವಯಸ್ಸಲ್ಲಿ, ಎಲ್ಲರ ಮುಂದೆ — ಹುಡುಗ ಬಂದು, ಅಮ್ಮಾ, ಬೆಲ್ಟು ಹಾಕೋ ಸಮಯ, ನಿಮ್ಮ ಜಾಗಕ್ಕೆ ಹೋಗಿ, ಅಂದ, ಅಕ್ಕ ತನ್ನ ಜಾಗಕ್ಕೆ ಹೋದಳು, ಪರದೆ ಮತ್ತೆ ನಾಲ್ಕು ಬೆರಳು ಬಿಟ್ಟು ನಿಂತಿತು.

ಬೇಡ ಅನ್ನುತ್ತಿದ್ದಳೇ, ಇಲ್ಲ, ಅದೇ ತಾನೇ ಚುಚ್ಚುತ್ತಿರುವುದು, ಕೇಳಿದ್ದರೆ ಕೊಡುತ್ತಿದ್ದಳು, ನೀನು ಮುಂದೆ ಕೂತ್ಕೋ ಅಕ್ಕ, ಸೊಂಟ ಚಾಚು, ಗಂಟು ಸಿಗುತ್ತಾ ನೋಡಿ ಹೇಳು ಅಂತ ತಾನೇ ಅಂದು ಹಿಂದೆ ಬಂದು ಈ ಮೊಣಕಾಲುಗಳ ಜೊತೆ ಸುಖವಾಗಿ ಕೂತಿರುತ್ತಿದ್ದಳು, ಕೊಟ್ಟೆ ಎನ್ನುವ ಸುಖ ಒಂದಿತ್ತಲ್ಲ, ಅದನ್ನೇ ಅಕ್ಕ ಎತ್ತಿಕೊಂಡು ಹೋದಳಲ್ಲ, ಎರಡು ಬಾಟಲಿ ನೀರು ತರುವಷ್ಟರಲ್ಲಿ, ಬಾಲದ ತುದಿಗೆ ಚುಕ್ಕೆ ಬೇರೆ — ಹೊರಗೆ ಕಾಣಲ್ಲ ಹೋಗೇ, ಅಂದಿದ್ದಳು, ಅವತ್ತು ಸೀಮೆಸುಣ್ಣ ಕೆಳಗಿಟ್ಟದ್ದಕ್ಕೆ ನಿವೃತ್ತಿಯ ದಿನದವರೆಗೂ ಗಂಟು ಹಾಕಿದಳು ಇವಳು, ಇವತ್ತು ಇವಳ ಕೈಯಲ್ಲಿ ಗುಮಾಸ್ತನ ಪೆನ್ನು, ಒಪ್ಪಿಗೆಯಿಂದ, ಒಪ್ಪಿಗೆಯಿಲ್ಲದೆ, ಮೊದಲನೆಯ ಚೌಕ ಎಷ್ಟು ಸುಲಭ, ಎಷ್ಟು ನುಣುಪು, ಕಿವಿ ಕಟ್ಟುತ್ತಿದೆ, ವಿಮಾನ ಇಳಿಯುತ್ತಿದೆ, ಅಮ್ಮಾ ಆಯ್ತಾ, ಹುಡುಗ ಕೈ ಚಾಚಿದ್ದಾನೆ. ಎರಡನೆಯ ಚೌಕದಲ್ಲಿ ಅಡ್ಡಗೆರೆ ಎಳೆದಳು, ಅದರ ಮೇಲೆ ಇನ್ನೊಂದು. ಕೆಳಗೆ ತನ್ನ ಹೆಸರು, ತನ್ನ ಕೈಯಲ್ಲಿ, ಬಾಲವಿಲ್ಲದೆ. ಸಂದಿಯಲ್ಲಿ ಕೈಯೊರಗು, ಅಕ್ಕನ ಕೈ ಹಿಂದಕ್ಕೆ ಮುಂದಕ್ಕೆ, ನಿಂತಿತು, ಗಂಟಿನ ಮೇಲೆ ಹೆಬ್ಬೆರಳು. ಗಂಟಿನ ಮೇಲೆ ಹೆಬ್ಬೆರಳು.

ಹುಡುಗ ಹಾಳೆ ತೆಗೆದುಕೊಂಡು ಹೋದ.