ಮೊಂಡ ಕಳಿಸಿದ ಚಿತ್ರಗಳು

ಮೊಂಡ ಎಂಬ ಆ ರೋಬೋ ಹಿಮದಡಿಯ ಕಡಲಿಗೆ ಇಳಿದದ್ದು ದಾರದಂಥ ತಂತಿಯೊಂದನ್ನು ನಂಬಿಕೊಂಡು. ಆ ತಂತಿ ಮಂಜುಗಡ್ಡೆಯ ಅಂಚಿಗೆ ಉಜ್ಜಿ ಹರಿದುಹೋಯಿತು. ತಂತಿ ಹರಿದರೆ ಭಾರ ಕಳಚಿ ಮೇಲೆ ಬಾ ಎಂದು ಅದಕ್ಕೆ ಕಲಿಸಿದ್ದರು. ಬಂತು, ಆದರೆ ಅಲ್ಲಿ ಮೇಲೆ ಎಂದರೆ ಆಕಾಶವೇ? ಮನೆಯೆತ್ತರ ದಪ್ಪದ ಗಡ್ಡೆಯ ತಳಕ್ಕೆ ಹಲ್ಲಿಯ ಹಾಗೆ ಅಂಟಿಕೊಂಡಿತು.

ಗಡ್ಡೆಯ ಮೇಲಿನ ತಗಡಿನ ಕೋಣೆಯಲ್ಲಿ ಕೂತು ಅದನ್ನು ನಡೆಸುತ್ತಿದ್ದವಳಿಗೆ ಡ್ರೈವರಮ್ಮ ಎಂದೇ ಹೆಸರು. ಹೀಟರಿನ ಮೇಲೆ ಒದ್ದೆ ಕಾಲುಚೀಲಗಳು ನಾರುತ್ತಿದ್ದವು. ಪಕ್ಕದಲ್ಲಿ ಮೇಷ್ಟ್ರು, ಅವಳಿಗೆ ಪಾಠ ಹೇಳಿ ಕೆಲಸಕ್ಕೂ ಕರೆದುಕೊಂಡವರು. ಹಿಂದೆ ಬೀಗರು. ಆತ ಯಾರ ಬೀಗನೂ ಅಲ್ಲ, ಎಲೆಕ್ಟ್ರಿಷಿಯನ್. ಕೊಟ್ಟ ಟೀಗೆಲ್ಲ ಕೊಂಕು ತೆಗೆದು ಆ ಹೆಸರು ಗಿಟ್ಟಿಸಿದ್ದ.

ಕಡಲ ತಳದಲ್ಲಿ ಏನೋ ಜೀವ ಅಲುಗಿದ್ದನ್ನು ಮೂವರೂ ನೋಡಿದ್ದರು. ತಂತಿಯಲ್ಲಿ ಬಂದದ್ದು ಮಸುಕು ಚಿತ್ರ. ಒಳ್ಳೆಯ ಚಿತ್ರಗಳೆಲ್ಲ ಮೊಂಡನ ಹೊಟ್ಟೆಯಲ್ಲೇ ಇದ್ದವು. ಅವು ಸಿಕ್ಕರೆ, ಹಿಮ ಮುಚ್ಚಿದ ದೂರದ ಚಂದ್ರನೊಂದರ ಕಡಲಿಗೂ ಇಂಥದೇ ಯಂತ್ರ ಕಳಿಸುವ ಮಾತಿತ್ತು. ಸಿಗದಿದ್ದರೆ ಮೇಷ್ಟ್ರ ಜೀವಮಾನದ ದುಡಿಮೆಗೆ ಎಳ್ಳುನೀರು.

"ಇರೋ ಬ್ಯಾಟರೀಲಿ ಒಂದೇ ಕೆಲಸ ಆಗೋದು ಸಾರ್," ಅಂದಳು. "ತೆವಳಿಸ್ಕೊಂಡು ನಾವು ಇಳಿಸಿದ ತೂತಿನ ಹತ್ರ ತರೋಕೆ ನೋಡ್ಬಹುದು. ಇಲ್ಲಾ, ತಂತಿ ಇಲ್ದಿದ್ರೂ ನೀರಲ್ಲಿ ಶಬ್ದ ಹೋಗುತ್ತಲ್ಲ, ಇದ್ದಲ್ಲಿಂದ್ಲೇ ಶಬ್ದದ ಸಂಕೇತದಲ್ಲಿ ಚಿತ್ರ ಕಳಿಸು ಅನ್ಬಹುದು."

"ನಡೆಸೋಳು ನೀನು. ನೀನೇ ಹೇಳಮ್ಮ."

"ಚಿತ್ರ ಕೇಳೋಣ. ಅವಾದ್ರೂ ಉಳೀಲಿ."

ಗುಂಡಿ ಒತ್ತಿದಳು. ಇನ್ನು ಮೊಂಡ ಬರುವುದಿಲ್ಲ. ಅದು ಮಾತು ಶುರು ಮಾಡಿತೆಂದರೆ ಮುಗಿಯುವ ತನಕ ಕಿವಿ ಕೇಳಿಸದು, ಹಾಗಾಗಿ ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವಂತೆಯೂ ಇರಲಿಲ್ಲ.

ಮೊದಲ ಚಿತ್ರ ಗೆರೆಗೆರೆಯಾಗಿ ತುಂಬಿಕೊಂಡಿತು. ಬರೀ ಬಿಳಿ.

"ಲೈಟು ಜಾಸ್ತಿ ಬಿದ್ದಿರ್ಬೇಕು," ಅಂತ ಬೀಗರ ಊಹೆ.

ಎರಡನೆಯದೂ ಬಿಳಿ, ಅಲ್ಲಲ್ಲಿ ಗಾಳಿಗುಳ್ಳೆ. ಮೂರನೆಯದು ಬರುತ್ತಿದ್ದಂತೆ ಅವಳಿಗೆ ಹೊಳೆಯಿತು. ಅದು ಗಡ್ಡೆಯ ತಳ. ಕೆರೆಯಲ್ಲಿ ಪರೀಕ್ಷೆ ಮಾಡುವಾಗ, ಮೊಂಡ ಈಗ ಎಲ್ಲಿದೆ ಎಂದು ಬೇಗ ತಿಳಿಯಲೆಂದು, ಕಡೆಯಲ್ಲಿ ತೆಗೆದ ಚಿತ್ರವೇ ಮೊದಲು ಬರುವ ಹಾಗೆ ಅವಳೇ ಇಟ್ಟಿದ್ದಳು. ಇಲ್ಲಿಗೆ ಬರುವ ಮುಂಚೆ ಅದನ್ನು ಬದಲಿಸಲು ಮರೆತಿದ್ದಳು. ಅಂಟಿಕೊಂಡ ಮೇಲೂ ಮೊಂಡ ತನ್ನ ಪಾಡಿಗೆ ಚಿತ್ರ ತೆಗೆಯುತ್ತಲೇ ಇತ್ತು. ಜೀವ ಅಲುಗಿದ ಚಿತ್ರಗಳು ಆ ಬಿಳಿಯ ರಾಶಿಯ ಅಡಿಯಲ್ಲಿದ್ದವು.

ನಿಲ್ಲಿಸು, ನಿಲ್ಲಿಸು ಎಂದು ಅಪ್ಪಣೆ ಕಳಿಸಿದಳು. ಕೇಳಿಸದೆಂದು ಗೊತ್ತಿದ್ದೂ ಕಳಿಸಿದಳು. "ಸಾಕು ಕಣೋ, ನಿಲ್ಸೋ," ಎಂದು ಪರದೆಯನ್ನೇ ಗೋಗರೆದಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕುರ್ಚಿ ಹತ್ತಿರ ಎಳೆದರು. "ಕಡಲ ತಳದ್ದು ಯಾವಾಗ ಬರುತ್ತಮ್ಮ?"

"ಬರಲ್ಲ ಸಾರ್. ಕೊನೇದು ಮೊದ್ಲು ಬರೋ ಹಾಗೆ ನಾನೇ ಇಟ್ಟುಬಿಟ್ಟಿದ್ದೀನಿ. ಅದರ ಸರದಿ ಬರೋ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತೆ."

ಆದರೂ ಮೇಷ್ಟ್ರು ಪರದೆಯಿಂದ ಕಣ್ಣು ಕೀಳದೆ ಕೂತರು. ಬ್ಯಾಟರಿ ಕೆಂಪಿಗೆ ಇಳಿಯಿತು. ಮೊಂಡ ಮಾತ್ರ ಹೇಳಿದ ಕೆಲಸ ಬಿಡದೆ, ಉಳಿದ ಉಸಿರನ್ನೆಲ್ಲ ಸುರಿದು ಇನ್ನೊಂದು ಬಿಳಿ ಚಿತ್ರ ಕಳಿಸಿತು.