ಪೆನ್ನಿನ ಟೊಪ್ಪಿಗೆಯ ಬಂಗಾರ

೧೯೪೮ರ ಚಳಿಗಾಲ. ಅಫಜಲಪುರದ ಅಕ್ಕಸಾಲಿಗ ಪತ್ತಾರ ಮೌನೇಶ ಪೆನ್ನಿನ ಹಳದಿ ಟೊಪ್ಪಿಗೆಯನ್ನು ಒರೆಗಲ್ಲಿಗೆ ತಿಕ್ಕಿದ. ಗೆರೆ ಥಳಥಳ ಹೊಳೆಯಿತು.

“ಬಂಗಾರ ಅದ ಚಂದಕ್ಕ. ಮಗಳ ತಾಳಿಗೆ ಎರಡು ಗುಂಡು ಆಗ್ತಾವ.”

ಹಿಂದಿನ ಓಣಿಯ ಚಂದವ್ವನ ಎದೆ ಹಗುರಾಯಿತು. ಕಾರಕೂನನಾಗಿದ್ದು ತೀರಿಕೊಂಡ ಗಂಡ ಬಿಟ್ಟುಹೋದ ಬಂಗಾರವೆಂದರೆ ಆ ಪೆನ್ನು ಒಂದೇ. ಮಗಳ ಮದುವೆಗೆ ಉಳಿದದ್ದು ಎಂಟೇ ದಿನ.

ಮೌನೇಶ ಟೊಪ್ಪಿಗೆಯನ್ನು ಕರಗಿಸಲು ಮೂಸೆ ಎತ್ತಿಕೊಂಡಾಗ ಅವನ ತಾಯಿ ಕಾಳವ್ವ ಒಳಗಿನಿಂದ ಬಂದಳು.

“ನಿಲ್ಲಲೇ ಮೌನ್ಯಾ. ಕಲ್ಲು ಮ್ಯಾಲಿನ ತೊಗಲಷ್ಟೇ ನೋಡ್ತದ. ಅಂಚಿನಾಗ ಏನೋ ಬರದಾರ, ಅದನ್ನೂ ಓದು.”

“ಮುದುಕಿಯಾದ ಮ್ಯಾಲ ಸಾಲಿ ಕಲ್ತೀದಿ, ನೀನೇ ಓದು ಯವ್ವ.”

ಕಾಳವ್ವ ಬಿಸಿಲಿಗೆ ಹಿಡಿದು ಓದಿಯೇಬಿಟ್ಟಳು. ಹದಿನಾಲ್ಕು ಕ್ಯಾರೆಟ್ ಎಂಬುದಕ್ಕೆ ಮೊದಲು ಒಂದು, ಅದರ ಅಡಿಗೆ ಗೆರೆ ಎಳೆದು ಹತ್ತು.

“ಹತ್ತು ಪಾಲಿನಾಗ ಒಂದೇ ಪಾಲು ಬಂಗಾರ. ಉಳಿದದ್ದು ಹಿತ್ತಾಳಿ. ಕರಗಿಸಿದ್ರ ಎರಡೂ ಕೂಡಿ ಹಾಳಾಗ್ತಾವ.”

ಅಂಚಿಗೆ ಅರ ಎಳೆದು ತೋರಿಸಿದಳು. ಒಳಗೆ ಪೇಲವ ಹಿತ್ತಾಳೆ ಇಣುಕಿತು. ಚಂದವ್ವನ ಕಣ್ಣು ತುಂಬಿದವು. ಕಾಳವ್ವ ಪೆನ್ನಿನ ನಿಬ್ಬನ್ನೂ ಬಿಸಿಲಿಗೆ ಹಿಡಿದಳು.

“ಅಳಬ್ಯಾಡ ಬೇ. ನಿಬ್ಬಿನ ಮ್ಯಾಲ ಬರೇ ಹದಿನಾಲ್ಕು ಅದ, ಪಾಲಿನ ಲೆಕ್ಕ ಇಲ್ಲ. ಇದು ಒಳಗೂ ಹೊರಗೂ ಒಂದೇ ಬಂಗಾರ. ಜ್ವಾಳದ ಕಾಳಷ್ಟು ಗುಂಡು ಒಂದು ಆಗ್ತದ. ಒಂದಿದ್ರೂ ತಾಳಿ ತಾಳಿನೇ.”

“ಪೆನ್ನು ಏನ್ ಮಾಡ್ಲಿ?”

“ಉಕ್ಕಿನ ನಿಬ್ಬು ಹಾಕ್ಸಿ ಮಗಳ ಕೈಗೆ ಕೊಡು. ಗಂಡನ ಮನಿಯಿಂದ ಕಾಗದ ಬರೀತಾಳ.”

“ನನಗ ಓದಾಕ ಬರ್ಬೇಕಲ್ಲ?”

“ಸಂಜಿ ಸಾಲಿಗೆ ಬಾ. ನನ್ನ ಬಾಜೂಕ ಜಾಗ ಅದ.”

ಮೌನೇಶ ಟೊಪ್ಪಿಗೆಯನ್ನು ಚಂದವ್ವನಿಗೆ ಮರಳಿಸಿ, ನಿಬ್ಬನ್ನು ಮೂಸೆಗೆ ಹಾಕಿದ.